ಮೂವತ್ತೊಂದು ಮಕ್ಕಳಿಗೆ ಒಂದು ಪುಸ್ತಕ

ಆರನೆಯ ಇಯತ್ತೆ. ಮಕ್ಕಳು ಮೂವತ್ತೊಂದು, ಪುಸ್ತಕ ಒಂದೇ.
ರಟ್ಟು ಹರಿದಿದೆ. ಮೊದಲ ಚಿತ್ರದ ಸಾಹೇಬನಿಗೆ
ಹಿಂದಿನ ವರ್ಷದವರು ಯಾರೋ ಎರಡನೆಯ ಮೀಸೆ ಬರೆದಿದ್ದಾರೆ.
ಶನಿವಾರ, ಮುಂಜಾನೆಯ ಶಾಲೆ, ಕೊನೆಯ ತಾಸು ನನ್ನದು.
ಒಬ್ಬರಿಗೆ ಒಂದು ಪುಟ, ಎದ್ದು ನಿಂತು, ಜೋರಾಗಿ.
ಮಹಾಲಿಂಗಪುರದ ಈ ಓಣಿಯಲ್ಲಿ
ಜೋರಾಗಿ ಓದದಿದ್ದರೆ ಓದಿದ ಹಾಗೇ ಅಲ್ಲ:
ಕಿಟಕಿಯಾಚೆ ಹನ್ನೆರಡು ಮಗ್ಗ
ದಿನವಿಡೀ ಒಂದೇ ಮಾತನ್ನು ಒದರುತ್ತವೆ.

ಕತೆಯೊಳಗೆ ಐವತ್ತೇಳರ ಚಳಿಗಾಲ.
ಹತಾರ ತಂದು ಒಪ್ಪಿಸಿರೆಂದು ಹುಕುಂ ಬಂದಿದೆ.
ಊರ ಕಮ್ಮಾರನ ಕೈಕೆಳಗೆ ದುರುಗನೆಂಬ ಹುಡುಗ,
ತಿದಿ ಒತ್ತುವವನು, ಹನ್ನೆರಡು ವರ್ಷ,
ಎರಡು ಹೊತ್ತು ರೊಟ್ಟಿ, ಕೂಲಿ ಇಲ್ಲ.
ಕುಡ ಕುರುಪಿ ಬಡಿಯುವ ಅಡಿಗಲ್ಲಿನ ಮೇಲೆ
ಈಗ ರಾತ್ರಿ ಹೊತ್ತು ಭರ್ಚಿಯ ಮೊನೆ ಏಳುತ್ತಿದೆ.

ಸ್ವಾತಂತ್ರ್ಯ ಎಂದರೇನು?
ಕೇಳಬೇಕೆಂದು ನಾನು ಚೀಟಿಯಲ್ಲಿ ಬರೆದು ತಂದದ್ದು ಇದು.
"ಅಕ್ಕೋರ, ಅವಂಗ ಕೂಲಿ ಯಾಕ ಇಲ್ರಿ?" ಅಂದಳು ಭೌರವ್ವ.
"ಅವನ ನಾಯಿ ಏನಾತ್ರಿ? ನಾಕನೇ ಪುಟದಾಗ ಇತ್ತು,"
ಅಂದ ಪಾರೀಸ, ಅಳುವವನ ಹಾಗೆ.
ನಾಯಿಯ ಸುದ್ದಿ ನನಗೂ ಗೊತ್ತಿರಲಿಲ್ಲ.
ದಂಗೆಯ ಗದ್ದಲದಲ್ಲಿ ಬರೆದವರು ಮರೆತಿರಬೇಕು.

ದಾವಲಮಲೀಕನ ಸರದಿ.
ಬಳೆ ಮಾರುವ ತಾಯಿಯಿಂದ ಬಂದ ದನಿ, ಮೂರು ಓಣಿ ದಾಟುತ್ತದೆ.
ಊರ ಮುದುಕ ಸಾಹೇಬನೆದುರು ನಿಲ್ಲುವ ಪುಟ ಅವನಿಗೇ ಸಿಕ್ಕಿತ್ತು.
ಓದುತ್ತ ಓದುತ್ತ ಕೊರಳು ಏರಿಸಿದ,
ಆ ಗಳಿಗೆಗೇ ಕರೆಂಟು ಹೋಯಿತು.
ಹನ್ನೆರಡೂ ಮಗ್ಗ ಒಮ್ಮೆಲೇ ಬಾಯಿ ಮುಚ್ಚಿದವು.
ಬರಿದಾದ ಗಾಳಿಯಲ್ಲಿ, ಇಡೀ ಓಣಿಗೆ ಕೇಳುವಂತೆ,
"ಹತಾರ ಕೊಡೂದುಲ್ಲ!"

ತನ್ನ ದನಿಗೆ ತಾನೇ ಬೆಚ್ಚಿ
ಪುಸ್ತಕ ಎದೆಗೆ ಒತ್ತಿಕೊಂಡು ನಿಂತ.
ಎಲ್ಲೋ ಒಂದು ಕೊಡ ತುಂಬಿ ಚೆಲ್ಲುತ್ತಿತ್ತು.
ಆಮೇಲೆ ಮಗ್ಗದ ಮನೆಯೊಳಗಿಂದ
ಎಲೆ ಅಡಿಕೆ ತುಂಬಿದ ಬಾಯಿ ಒಂದು ಕೂಗಿ ಹೇಳಿತು,
"ಕೊಡಬ್ಯಾಡೋ ತಮ್ಮಾ!"

ನಕ್ಕೆವು. ಬೆಂಚು ಬಡಿದು ನಕ್ಕೆವು.
ನಾನು ಚೀಟಿ ಮಡಚಿ ಪರ್ಸಿನೊಳಗೆ ಹಾಕಿದೆ.

ನಗದಿದ್ದವನು ಮೌನೇಶ, ಹಿಂದಿನ ಬೆಂಚಿನವನು.
ಸಂಜೆ ಅವನು ಚಿಕ್ಕಪ್ಪನ ವೆಲ್ಡಿಂಗ್ ಅಂಗಡಿಯಲ್ಲಿರುತ್ತಾನೆ;
ಕಬ್ಬಿನ ಸೀಜನ್ನಿನಲ್ಲಿ ಟ್ರೇಲರುಗಳ ಸಾಲು ರಸ್ತೆವರೆಗೆ.
ಕೊನೆಯ ಪುಟ ಅವನದು. ಸುತ್ತಿಗೆ ಮೊದಲ ಸಲ
ದುರುಗನ ಕೈಗೆ ಬರುವ ಪುಟ.
'ರಾತ್ರಿಯಿಡೀ ಬಡಿದ. ಬೆಳಗಾಗುವಾಗ ಅವನು ಗಂಡಸಾಗಿದ್ದ'
ಎಂದು ಮುಗಿಯುತ್ತದೆ.
ಓದಿದ. ಕೂಡಲಿಲ್ಲ.

"ಇದು ಸುಳ್ಳೈತ್ರಿ ಅಕ್ಕೋರ."
"ಯಾವುದೋ?"
"ರಾತ್ರೆಲ್ಲಾ ಬಡದ ಕೈ ಮುಂಜಾನಿ ಮುಚಗೊಳ್ಳೂದುಲ್ರಿ.
ತುತ್ತು ಹಿಡ್ಯಾಕ ಬರೂದುಲ್ಲ. ಅವ್ವ ಉಣಸಬೇಕಾಕ್ಕೈತಿ.
ಗಂಡಸ ಆಗೂದುಲ್ರಿ. ಸಣ್ಣಾವ ಆಗತಾನ."

ಪುಸ್ತಕ ಅವನ ಎಡಗೈಯಲ್ಲಿತ್ತು.
ಬಲಗೈ ಚಡ್ಡಿಯ ಕಿಸೆಯಲ್ಲಿ.
ದೀಪಾವಳಿಯಿಂದ ಈಚೆಗೆ ಅಕ್ಷರ ಸೊಟ್ಟ ಆಗುತ್ತಿದೆಯೆಂದು
ಅವನ ಪಟ್ಟಿಗೆ ಕೆಂಪು ಗೀಟು ಎಳೆಯುತ್ತ ಬಂದವಳು ನಾನು.

ಶಾಲೆಯ ಪುಸ್ತಕದಲ್ಲಿ ಗೀಚಬಾರದು,
ಆ ಹುಕುಂ ನನ್ನದೇ.
ಪೆನ್ಸಿಲ್ ಕೊಟ್ಟೆ. ಅವನು ಹೇಳಿದ, ಭೌರವ್ವ ಬರೆದಳು.
"ನಾಯೀನೂ ಹಾಕ," ಅಂದ ಪಾರೀಸ.
ಹೀಗೆ ನಲವತ್ತೇಳನೆಯ ಪುಟದ ಅಂಚಿನಲ್ಲಿ
ದುರುಗನ ಅವ್ವ ಬಂದು ಕೂತಿದ್ದಾಳೆ, ರೊಟ್ಟಿ ಮುರಿಯುತ್ತ;
ಪಕ್ಕದಲ್ಲಿ ಐದು ಕಾಲಿನಂತೆ ಕಾಣುವ ನಾಯಿ,
ಒಂದು ಬಾಲವಂತೆ.

ಕರೆಂಟು ಬಂತು. ಗಂಟೆ ಬಾರಿಸಿದ್ದು ಕೇಳಲೇ ಇಲ್ಲ.

ಸೋಮವಾರ ಮೌನೇಶನ ಮನೆಗೆ ಹೋಗಬೇಕು.
ಏನು ಕೇಳಲಿ ಎಂದು
ಇನ್ನೂ ಬರೆದುಕೊಂಡಿಲ್ಲ.