ಎಷ್ಟು ಕಾಲು

ಜುಹು ವಿಮಾನ ಮೈದಾನದಾಗ ಹಕ್ಕಿ ಓಡಿಸೂದು ನನ್ನ ಕೆಲಸ.
ಹನ್ನೊಂದು ವರ್ಷದ ಪಗಾರ ಪಟಾಕಿ ಹೊಗಿಯಾಗೇ ಬಂದದ್ದು.
ಹದ್ದು, ಪಾರಿವಾಳ, ಮಳಿ ನಿಂತ ಮ್ಯಾಲ ಹುಲ್ಲಿಗೆ ಬರೂ ಬೆಳ್ಳಕ್ಕಿ,
ಯಾವದು ಎಷ್ಟೊತ್ತಿಗೆ, ಯಾವ ಗಾಳಿಗೆ ಕಾಲು ಬಿಟ್ಟು ಇಳೀತದ
ಟವರಿನ ತಾಂಬೆ ಸಾಹೇಬ್ರಿಗಿಂತ ನನಗ ಗೊತ್ತು.

ಆ ಆಯಿತವಾರ ನಸುಕಿನ್ಯಾಗ ಹಾರಿದ್ದು
ಗಾಡ್ಗೀಳ ಮೇಡಂ ಅವರ ಸಣ್ಣ ವಿಮಾನ,
ಬಿಳಿ ಮೈ, ಹೊಟ್ಟಿಗೊಂದು ಕೆಂಪು ಪಟ್ಟಿ.
ಬಾಜೂ ಸೀಟಿನಾಗ ಅಕಿ ತಮ್ಮನ ಮಗ, ಹನ್ನೆರಡರ ಹುಡುಗ,
ಕಿಸೆದಾಗ ಚಿಕ್ಕಿ.
ತಿರುಗಿ ಬರೂ ಮುಂದ ಮೂರು ಹಸಿರು ದೀಪ ಹತ್ತಬೇಕಿತ್ತಂತ.
ಎರಡೇ ಹತ್ತಿದ್ವಂತ.
ದೀಪ ಸುಟ್ಟದೋ, ಕಾಲು ಸಿಕ್ಕದೋ,
ಮ್ಯಾಲ ಕುಂತವರಿಗೆ ತಮ್ಮ ಕಾಲು ತಮಗ ಕಾಣಸಂಗಿಲ್ಲ.

ದುರ್ಬೀನು ರಿಪೇರಿಗೆ ಹೋಗಿತ್ತು.
ವಾಕಿಟಾಕಿಯಾಗ ತಾಂಬೆ ಸಾಹೇಬ್ರು: "ಸಾಯಬಣ್ಣಾ,
ನಿನ್ನವು ಹದ್ದಿನ ಕಣ್ಣು. ಈಗ ತಗ್ಗಿಗೆ ಹಾದು ಹೋಗ್ತಾಳ.
ಎಷ್ಟು ಕಾಲವ ಎಣಿಸಿ ಹೇಳು."

ಬಂತು. ಗೋಡಿ ಆಚಿನ ತಗಡಿನ ಮನಿ, ಮನಿ ಮ್ಯಾಲಿನ ಡಿಶ್ಶು,
ಒಣಗಲಿಕ್ಕೆ ಹಾಕಿದ ಬೊಂಬಿಲ್ ಮೀನು
ಎಲ್ಲಾ ನಡುಗಿಸಿಕೋತ ತಲಿ ಮ್ಯಾಲ ಹಾದು ಹೋತು.
ಸೂರ್ಯ ಸೀದಾ ಕಣ್ಣಾಗ.
ಮೂರು ಕಂಡ್ವು. ಇಲ್ಲ, ಎರಡು. ಒಂದು ನೆರಳೇನೋ.
"ಬೋಲ್, ಕಿತನೇ ಹೈ?"
ಏನರೆ ಒಂದು ಹೇಳಿಬಿಡಬಹುದಿತ್ತು.
ಹಕ್ಕಿ ರಜಿಸ್ಟರಿಗೆ ಹಂಗೇ ಹೇಳೀನಿ ಎಷ್ಟೋ ಸಲ, ಇಪ್ಪತ್ತು, ನಲವತ್ತು,
ಯಾರು ಬರ್ತಾರ ತಿರುಗಿ ಎಣಿಸಲಿಕ್ಕೆ.
"ಸಾಹೇಬ್ರ, ಇನ್ನೊಮ್ಮೆ ಬರಲಿ," ಅಂದೆ.
"ಸಮುದ್ರದ ಕಡಿಂದ ಬರಲಿ."
ಅವರು ಒಂದು ಗಳಿಗಿ ಸುಮ್ಮನಾದ್ರು.
ಅಲ್ಲೀತನ ನಾ ತಿರುಗಿಸಿದ್ದು ಬರೇ ಬೆಳ್ಳಕ್ಕಿ.
ವಿಮಾನ ತಿರುಗಿತು.

ಎರಡು. ಮೂಗಿನದೊಂದು, ಬಲದ್ದೊಂದು.
ಎಡದ್ದು ಒಳಗೇ, ಅದರ ಬಾಗಿಲಷ್ಟೇ ಅರ್ಧ ತೆರದು
ಕರೀ ಸಂದಿ.

ಇಂಜಿನೀರ್ ಕೊಯೆಲೊ ತಲಿ ಮ್ಯಾಲ ಕೈ ಹೊತ್ತ.
ಆಮ್ಯಾಲ ಅಂದ, ಹೊರಗಿದ್ದ ಎರಡೂ ಒಳಗ ತಗೊಳ್ಳಲಿ.
ಕೆಲಸದ ಹುಡುಗರು ಮಾರಿ ಮಾರಿ ನೋಡಿದ್ರು, ಇದ್ದ ಕಾಲೂ ಯಾಕ?
ನನಗ ತಿಳೀತು.
ಶಹಾಪುರದಾಗ ನಮ್ಮ ಕಾಕಾ ಎಮ್ಮಿ ಬಾಣಂತನ ಮಾಡಿಸ್ತಿದ್ದ.
ಕರುವಿನ ಒಂದು ಕಾಲು ಹೊರಗ, ಇನ್ನೊಂದು ಒಳಗ ಮಡಚಿ ಸಿಕ್ಕಿತ್ತಂದ್ರ
ಮೊಳಕೈತನ ಎಣ್ಣಿ ಹಚ್ಚಿ
ಹೊರಗ ಬಂದದ್ದನ್ನೇ ಮೊದಲು ಒಳಗ ತಳ್ತಿದ್ದ.
ಎಮ್ಮಿ ಒದರೂದು. ಅವ್ವ ಬೈಯೂದು,
ಬಂದದ್ದನ್ನ ಯಾಕ ಕಳಸ್ತಿಯೋ ಹಾಟ್ಯಾ.

ನಲವತ್ತು ನಿಮಿಷ ಸಮುದ್ರದ ಮ್ಯಾಲ ಸುತ್ತಿದ್ಲು, ಟಾಕಿ ಖಾಲಿ ಆಗಲೆಂತ.
ಬೀಚಿನಾಗ ಜನ ಭೇಲ್ ತಿನ್ಕೋತ ಅಕಿಗೆ ಕೈ ಬೀಸ್ತಿದ್ರು.
ಬಂಬಿನ ಗಾಡಿ ಬಂತು, ನೊರಿ ಹೊಡದ್ರು.
ಆಕಾಶದಾಗ ಹಕ್ಕಿ ಒಂದೂ ಇರಬಾರದು,
ಇದ್ದ ಪಟಾಕಿ ಎಲ್ಲಾ ಹಾರಿಸಿದೆ,
ದೀಪಾವಳಿಗಂತ ಮಗಳಿಗೆ ಕದ್ದಿಟ್ಟ ನಾಕೂ ಸೇರಿ.

ಇಳೀತು. ಇಳೀತನ್ನಬಾರದು, ಬೋರಲ ಬಿತ್ತು.
ರೊಟ್ಟಿ ಹಂಚು ಡಾಂಬರಿನ ಮ್ಯಾಲ ಎಳದಂಗ ಸಪ್ಪಳ.
ಮೂಗಿನ ಪಂಖಾ ಒಣ ಬಾಳಿ ಎಲಿಯಂಗ ಮುರುಟಿತ್ತು.
ಬಾಗಿಲ ತೆರದು ಮೊದಲು ಹುಡುಗ, ಮೊಣಕಾಲತನ ನೊರಿ.
ಮೇಡಂ ಇಳದು ನಾಕು ಹೆಜ್ಜಿ ನಡದು,
ಚಪ್ಪಲಿ ಒಳಗ ಉಳೀತಂತ ತಿರುಗಿ ಹೊಂಟಿದ್ಲು.
ಬಂಬಿನವರು ರಟ್ಟಿ ಹಿಡದು ಎಳಕೊಂಡು ಬಂದ್ರು.

ಮರುದಿನ ಕ್ರೇನು ತಂದು, ಹೊಟ್ಟಿಗೆ ಪಟ್ಟಿ ಬಿಗದು ಎತ್ತಿದ್ರು.
ಒಂದಾಳೆತ್ತರ ಏರಿತ್ತಷ್ಟ. ಕೊಯೆಲೊ ಒಳಗ ಕೈ ಹಾಕಿ ಏನೋ ಜಗ್ಗಿದ.
ಟಕ್, ಮೂಗಿನ ಕಾಲು ಬಿತ್ತು.
ಟಕ್, ಬಲದ್ದು.
ಆಮ್ಯಾಲ, ಏನೂ ಆಗೇ ಇಲ್ಲ ಅನ್ನೂ ಹಂಗ,
ತಾನ ತಾನಾಗಿ ಎಡದ್ದು.
ಮೇಡಂ ಹೊಟ್ಟಿ ಹಿಡಕೊಂಡು ನಗಲಿಕ್ಕೆ ಹತ್ತಿದ್ಲು,
ನಿಲ್ಲಸಲಿಕ್ಕೇ ಆಗವಲ್ದು.
ಕೊಯೆಲೊ ಕೈಯಾಗಿನ ಪಾನಾ ಹುಲ್ಲಿನಾಗ ಬೀಸಿ ಒಗದ.
ನಾ ಬೇಲಿ ಕಡಿ ನಿಂತು "ಮೂರು" ಅಂದೆ.
ಯಾರೂ ಕೇಳಿರಲಿಲ್ಲ.