ಹಗ್ಗದ ಇನ್ನೊಂದು ತುದಿ

ಮಂಗಳವಾರ ನನ್ನ ಗಡಿಯಾರದಂಗಡಿಗೆ ರಜಾ.
ಹೊಳೆನರಸೀಪುರದಲ್ಲಿ ಅವತ್ತು ನಮ್ಮ ಹರಿಗೋಲಿಗೆ ಕೆಲಸ.
ಕೆಲಸ ಅಂದರೆ, ಏನೂ ಇಲ್ಲ.
ಹೊಳೆಗಿಳಿಯುವುದು, ಬುಗುರಿಯ ಹಾಗೆ ಒಂದೆರಡು ಸುತ್ತು ತಿರುಗುವುದು,
ಡ್ರಿಲ್ ಮೇಷ್ಟ್ರು ಚೌರಪ್ಪ ಹುಟ್ಟು ಹಾಕುತ್ತ
ಹೇಳಿದ್ದನ್ನೇ ಹೇಳುವುದು, ನಾನು ಕೇಳದಿರುವುದು,
ಆಮೇಲೆ ಹೊಳೆಮತ್ತಿಯ ಬೇರಿಗೆ ಹಗ್ಗ ಬಿಗಿದು
ಫ್ಲಾಸ್ಕಿನ ಮುಚ್ಚಳದಲ್ಲಿ ಸರದಿಯ ಮೇಲೆ ಕಾಫಿ.

ಬೇರು ಅಂದರೆ ಎಂಥ ಬೇರು!
ದಡದಿಂದ ಹೊರಬಂದು, ಮೊಣಕೈ ಮಡಿಸಿ,
ಮತ್ತೆ ಮಣ್ಣಿಗೇ ಹೋಗಿತ್ತು.
ಆ ಮಡಿಕೆಯಲ್ಲಿ ಹಗ್ಗ ತಿಕ್ಕಿ ತಿಕ್ಕಿ
ಬಳೆ ಒತ್ತಿದ ಮುಂಗೈಯಂಥ ಗೆರೆ.
ನಾವಷ್ಟೇ ಸವೆಸಿದ್ದಲ್ಲ.
ನಮಗಿಂತ ಮುಂಚೆ ಕಂಪೌಂಡರ್ ದಸ್ತಗೀರ್,
ಅವರಿಗಿಂತ ಮುಂಚೆ ಯಾರೋ.
ಬೇರು ಯಾರ ಹೆಸರನ್ನೂ ಕೇಳಿದ್ದಿಲ್ಲ.

ಈಗ ಅದರ ಮೇಲೆ ಸಿಮೆಂಟಿನ ಕಲ್ಲು ಹಾಸಿದ್ದಾರೆ,
ಕೆಂಪು ಒಂದು, ಹಳದಿ ಒಂದು.
ಸ್ಟೀಲ್ ಕಂಬಿ. ಕಂಬಿಯಾಚೆ ಬೆಂಚು,
ಬೆಂಚಿನ ಮುಖ ರಸ್ತೆಯ ಕಡೆಗೆ.
ಒಂದು ಬೋರ್ಡು:
ಇಲ್ಲಿ ದೋಣಿ, ತೆಪ್ಪ, ಹರಿಗೋಲು ಕಟ್ಟಬಾರದು.
ಮೂರನ್ನೂ ಬೇರೆ ಬೇರೆ ಬರೆದವನು
ಹೊಳೆ ತಿಳಿದವನೇ ಇರಬೇಕು.

ಕಚೇರಿಗೆ ಹೋದೆವು. ಅರ್ಜಿಯಲ್ಲಿ ಒಂದು ಸಾಲು, ಉದ್ದೇಶ.
ಮೀನಿಗಾ? ಅಲ್ಲ.
ಮರಳಿಗಾ? ಅಯ್ಯೋ, ಅಲ್ಲಮ್ಮ.
ಜನ ಸಾಗಿಸ್ತೀರಾ? ನಮ್ಮಿಬ್ಬರನ್ನೇ.
ಮತ್ಯಾಕೆ?
ಚೌರಪ್ಪ ಎದೆ ಮುಂದೆ ಮಾಡಿ, ಮೈದಾನದ ದನಿಯಲ್ಲಿ,
"ಸುಮ್ಮನೆ" ಅಂದರು.
ಅವಳು ಪೆನ್ನು ಮುಚ್ಚಿದಳು. ಕೋಪದಿಂದಲ್ಲ,
ಆ ಪದಕ್ಕೆ ಅವಳ ಹತ್ತಿರ ಕೋಡ್ ನಂಬರಿರಲಿಲ್ಲ.

ಆಮೇಲೆ ಎರಡು ಮಂಗಳವಾರ ನಿಲ್ಲದೆ ತೇಲಿದೆವು.
ನಿಲ್ಲದೆ ತೇಲುವುದು ಬೇರೆ ಥರದ ದಣಿವು.
ಕಾಫಿ ಬಗ್ಗಿಸುವಾಗ ಒಬ್ಬರು ಗಳ ಊರಿ ಹಿಡಿಯಬೇಕು.
ಗೊರೂರಿನಿಂದ ನೀರು ಬಿಟ್ಟ ದಿನವಂತೂ
ಮುಚ್ಚಳ ತುಂಬುವಷ್ಟರಲ್ಲಿ ಸೇತುವೆ ಬಂದುಬಿಡುತ್ತದೆ.
ನಲವತ್ತು ವರ್ಷ ನಿಂತ ಗಡಿಯಾರಗಳನ್ನು ಓಡಿಸಿದ್ದೇನೆ;
ಒಂದನ್ನಾದರೂ ನಿಲ್ಲಿಸಿಕೊಡಿ ಅಂತ ಯಾರೂ ಕೇಳಿದ್ದಿಲ್ಲ.

ಮೂರನೆಯ ವಾರ ಕಾವಲಿಗೆ ಹೊಸಬ.
ಖಾಕಿಯೊಳಗೆ ನೋಡಿದರೆ ಬೆಸ್ತರ ಕೇರಿಯ ತಿರುಮಲೇಶ,
ಏಳನೇ ಕ್ಲಾಸಿನಲ್ಲಿ ಆ ಬೇರಿನಿಂದ ಧುಮುಕಿ
ಚೌರಪ್ಪನವರ ಕೈಲಿ ಬೆತ್ತದ ಏಟು ತಿಂದವನು.
ಸೀಟಿ ಊದಿದ. ನಮ್ಮನ್ನು ಗುರುತಿಸಿದ.
ಸೀಟಿ ಬಾಯಲ್ಲೇ ಇಟ್ಟುಕೊಂಡು ಬೋರ್ಡನ್ನು ಇನ್ನೊಮ್ಮೆ ಓದಿದ.
"ಕಟ್ಟಬಾರದು ಅಂತ ಇದೆ, ಸಾರ್.
ಹಿಡ್ಕೋಬಾರದು ಅಂತ ಇಲ್ಲ. ಎಸೀರಿ."

ಎಸೆದೆ.

ಕಂಬಿಯ ಸಂದಿಯಿಂದ ತೋಳು ಚಾಚಿ ಹಿಡಿದ.
ಹರಿಗೋಲು ಒಮ್ಮೆ ಎಳೆದು ನೋಡಿ, ನಿಂತಿತು.
ಹೊಳೆಯ ಜಗ್ಗಾಟ ಅವನ ಭುಜದಲ್ಲಿ ಕಾಣುತ್ತಿತ್ತು.
ಯಾರೂ ಮಾತಾಡಲಿಲ್ಲ, ಚೌರಪ್ಪ ಕೂಡ.
ಒಂದು ಮಿಂಚುಳ್ಳಿ ಬೋರ್ಡಿನ ಮೇಲೆ ಕೂತು, ಹೋಯಿತು.
ಅವನಿಗೂ ಒಂದು ಮುಚ್ಚಳ ಕೊಡೋಣವೆಂದರೆ
ಅವನ ಎರಡೂ ಕೈ ನಮ್ಮ ಹಗ್ಗದಲ್ಲಿದ್ದವು.

ಸೂಪರ್‌ವೈಸರನ ಬೈಕು ರಸ್ತೆಗೆ ತಿರುಗಿದ ಸದ್ದು.
ತಿರುಮಲೇಶ ನಮ್ಮ ಕಡೆ ನೋಡದೆ ಬೆರಳು ಬಿಚ್ಚಿದ.
ಹಗ್ಗ ಮೊದಲು ನೀರಿನ ಮೇಲೆ ಬಿತ್ತು, ಆಮೇಲೆ ಒಳಗೆ.
ನನ್ನ ತೊಡೆಯ ಮೇಲೆಲ್ಲ ಕಾಫಿ.
ಸೇತುವೆಯ ನೆರಳು ದಾಟುವವರೆಗೂ
ಮೊಳ ಮೊಳವಾಗಿ ಎಳೆದುಕೊಳ್ಳುತ್ತಿದ್ದೆ.

ಚೌರಪ್ಪ ಗಳ ಎತ್ತಿಟ್ಟು ಅಂದರು,
"ಬರೋ ವಾರ ಒಂದು ಲೋಟ ಜಾಸ್ತಿ ತನ್ನಿ."