ಇಂದ

ರೂವಿಯ ಹಿಂದಿನ ಬೀದಿಯಲ್ಲಿ, ಚಿನ್ನದಂಗಡಿ ದಾಟಿ
ಎಡಕ್ಕೆ ಹೊರಳಿದರೆ ನನ್ನ ಲಾಂಡ್ರಿ.
ನನ್ನದೆಂದರೆ ಬಾಡಿಗೆಗೆ. ಬೋರ್ಡಿನ ಹೆಸರು ಅರ್ಬಾಬರದು.
ಇಸ್ತ್ರಿ ಮೇಜಿನ ಆಚೆ ನಾನು,
ಈಚೆ, ಕವುಚಿ ಹಾಕಿದ ಬಟ್ಟೆಬುಟ್ಟಿಯ ಮೇಲೆ, ಜೀವಿತಾ.
ಸೋಮವಾರ ಅವಳಿಗೆ ಇಂಗ್ಲಿಷ್ ಪರೀಕ್ಷೆ.
ಮನೆಯಲ್ಲಿ ಏಸಿ ಕೆಟ್ಟಿದೆ, ತಮ್ಮನ ಟೀವಿ ಕೆಟ್ಟಿಲ್ಲ.
ಹಾಗಾಗಿ ಇಲ್ಲಿ, ಬೆಂದ ಹತ್ತಿಯ ವಾಸನೆಯಲ್ಲಿ, ಓದು.

ನಾನು ಕೇಳಬೇಕು, ಅವಳು ಹೇಳಬೇಕು: ಕರಾರು ಅದು.
ಗೈಡಿನ ಪುಟಕ್ಕೆ ಆವಿ ತಾಗಿ
ಹಪ್ಪಳದ ಹಾಗೆ ಅಂಚು ಏಳುತ್ತದೆ.

ಊರಿಂದ ಬಂದೆ: ಅಲ್ಲಿ ಫ್ರಮ್.
ಬ್ರಷ್ಷಿನಿಂದ ಉಜ್ಜಿದೆ: ವಿತ್.
ನನ್ನಿಂದ ಅಂಗಿ ಸುಟ್ಟಿತು: ಬೈ.
ಹನ್ನೊಂದು ಗಂಟೆಯಿಂದ ನಿಂತೇ ಇದ್ದೇನೆ:
ಅವಳು ಪೆನ್ಸಿಲ್ ಕಚ್ಚಿದಳು.
ಗಡಿಯಾರದ ಹನ್ನೊಂದಾದರೆ ಸಿನ್ಸ್,
ಹನ್ನೊಂದು ತಾಸಾದರೆ ಫಾರ್. ಯಾವುದು, ಅಪ್ಪಾ?
ಮೇಲೆ ನೋಡಿದೆ. ರಾತ್ರಿ ಹತ್ತು.
ಎರಡೂ ಸರಿ ಮಗಾ.

"ನಿಮ್ಮ ಕನ್ನಡ ಸೋಮಾರಿ,
ಎಲ್ಲದಕ್ಕೂ ಒಂದೇ ಇಂದ."
ಇರಬಹುದು. ಒಂದೇ ತಂಬಿಗೆಯಲ್ಲಿ ಕುಡಿದು, ಮಿಂದು,
ಉಳಿದದ್ದನ್ನು ತುಳಸಿಗೆ ಹೊಯ್ದವರು ನಾವು.
ಆದರೆ 'ನಿಮ್ಮ' ಅಂದಳಲ್ಲ.
ಇಸ್ತ್ರಿ ಒಂದು ಗಳಿಗೆ ನಿಂತಿತು.
ನಿಲ್ಲಬಾರದು. ಬಿಳಿ ಬಟ್ಟೆ ಹಳದಿಯಾಗುತ್ತದೆ.

ಹೊಸ ಶಬ್ದಗಳಿಗೆ ಅವಳು ಪುಸ್ತಕ ಇಟ್ಟಿಲ್ಲ.
ನನ್ನ ಗುರುತಿನ ಚೀಟಿಗಳ ಬೆನ್ನಿಗೇ ಬರೆಯುತ್ತಾಳೆ.
ಈ ಮಗ್ಗುಲು: ಇನ್ನೂರ ಹದಿನೇಳು, ದಿಶ್ದಾಶ, ಬಿಳಿ, ಎರಡು.
ಆ ಮಗ್ಗುಲು: ರಿಲಕ್ಟೆಂಟ್.
ಹಾಗಂದರೆ?
"ಒಲ್ಲದ ಮನಸ್ಸಿಂದ" ಅಂದವಳು
ತನ್ನ ಬಾಯಲ್ಲೇ ಇಂದ ಕೇಳಿ ನಾಲಗೆ ಕಚ್ಚಿಕೊಂಡಳು.

ಕಳೆದ ವಾರ ಅಂಥದೊಂದು ಚೀಟಿ
ಪಿನ್ನಿನ ಸಮೇತ ಗಿರಾಕಿಯ ಮನೆ ಸೇರಿತ್ತು.
ಬಂದರಿನ ಕಚೇರಿಯಲ್ಲಿ ದುಡಿದು ನಿವೃತ್ತರಾದ ಹಮೂದ್,
ಎರಡು ದಿನ ಬಿಟ್ಟು ಅದನ್ನೇ ಹಿಡಿದು ಬಂದರು.
ನೆಸೆಸರಿಯಲ್ಲಿ ಒಂದು ಸಿ ಹೊಡೆದುಹಾಕಿ
ಒಂದು ಎಸ್ ಸೇರಿಸಿದ್ದರು, ಹಸಿರು ಶಾಯಿಯಲ್ಲಿ.
ಯಾರು ಬರೆದದ್ದು?
ಎಲ್ಲೋ ಕಲೆ ಉಳಿದಿದೆಯೆಂದು ಹೆದರಿ
ನಾನೇ ಅಂದೆ.
ಅವರು ಕೌಂಟರಿನ ಮೇಲೆ ಬಾಗಿ ನನ್ನ ಅಂಗಿ ಮುಟ್ಟಿದರು:
ಒಂದು ಕಾಲರ್, ಎರಡು ಸ್ಲೀವ್.
ಒಂದು ಸಿ, ಎರಡು ಎಸ್.
ಅವರ ಉಡುಪಿಗೆ ಕಾಲರೇ ಇಲ್ಲ,
ಕೊರಳಲ್ಲಿ ಅತ್ತರು ಅದ್ದಿದ ಒಂದು ಕುಚ್ಚು ಅಷ್ಟೆ.
ಪಾಠಕ್ಕೆ ನನ್ನ ಅಂಗಿಯೇ ಬೇಕಾಯಿತು.
ಊರವರ ಅಂಗಿಗಳ ನಡುವೆ ಬೆವರಿದ ಆ ಅಂಗಿಗೆ
ಅಷ್ಟು ಮರ್ಯಾದೆ ಹಿಂದೆ ಸಿಕ್ಕಿದ್ದಿಲ್ಲ.

ಈಗ ಕೊನೆಯದು, ಬಿಟ್ಟ ಸ್ಥಳ ತುಂಬಿರಿ.
ವಾಕ್ಯ ಅವಳದೇ:
ನನ್ನ ತಂದೆ ಮಸ್ಕತ್ತಿನಲ್ಲಿ, ಡ್ಯಾಶ್,
ಹತ್ತೊಂಬತ್ತು ವರ್ಷ, ದುಡಿಯುತ್ತಿದ್ದಾರೆ.
ಫಾರ್, ಅಂದೆ. ಸರಿ, ಅಂದಳು.
ನನಗೇ ಖುಷಿಯಾಯಿತು. ಆಮೇಲೆ ಅನುಮಾನ:
ಫಾರ್ ಅಂದರೆ ಗೋಸ್ಕರ ಅಲ್ಲವಾ?
ನಿನಗೋಸ್ಕರ, ಫೀಸಿಗೋಸ್ಕರ, ತಂಗಿಯ ಮದುವೆಗೋಸ್ಕರ,
ಅದೆಲ್ಲ ಗೊತ್ತು.
ವರ್ಷಗಳಿಗೋಸ್ಕರ ಯಾರಾದರೂ ದುಡಿಯುತ್ತಾರಾ?
"ಅಪ್ಪಾ, ಅದು ಬೇರೆ ಫಾರ್."
ಒಟ್ಟು ಎಷ್ಟಿವೆ?
ಗೈಡು ತಿರುವಿ ಬೆರಳಲ್ಲಿ ಎಣಿಸಿದಳು. ಏಳು.
ಪರೀಕ್ಷೆಗೆ ಎರಡೇ ಬರುತ್ತವಂತೆ.

ಶಟರ್ ಅರ್ಧ ಎಳೆದೆ. ಸೆಖೆ ಒಳಗೇ ಉಳಿಯಿತು.
ಬುಟ್ಟಿಯ ಮೇಲೆ ತೂಕಡಿಸುತ್ತಿದ್ದಾಳೆ,
ಮಡಿಲಲ್ಲಿ ಇನ್ನೂ ಓದದ ಹತ್ತಿಪ್ಪತ್ತು ಚೀಟಿ.
ಹದಿನಾಲ್ಕು ಅಂಗಿ ಬಾಕಿ, ಬೆಳಿಗ್ಗೆ ಆರಕ್ಕೆ ಗಿರಾಕಿ.
ಒಂದನ್ನು ಹಲಗೆಗೆ ಹರಡಿ ನೀರು ಚಿಮುಕಿಸಿದೆ.
ಮೊದಲು ಕಾಲರ್.
ಆಮೇಲೆ ತೋಳು.
ಆಮೇಲೆ ಇನ್ನೊಂದು ತೋಳು.